ಬಾಯಿ ಕಟ್ಟಿ ಎನ್ನುವ ಮೊದಲು ಹಸಿವಿನ ಕಾರಣ ಕೇಳಿ

ಮಾನ್ಯ ಸಂಪಾದಕರೇ,

ಮಧುಮೇಹದ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಬರುವ ಲೇಖನಗಳಲ್ಲಿ ಏನೇನು ತಿನ್ನಬಾರದು ಎಂಬ ಪಟ್ಟಿ ತಪ್ಪದೆ ಇರುತ್ತದೆ. ಆದರೆ ಆ ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸುವವರಿಗೆ ಊಟವಾದ ಸ್ವಲ್ಪ ಹೊತ್ತಿಗೇ ಮತ್ತೆ ತಿನ್ನುವ ಆಸೆ ಕೆರಳಿದರೆ ಏನು ಮಾಡಬೇಕೆಂಬ ಮಾತು ಅವುಗಳಲ್ಲಿ ಕಾಣುವುದು ಅಪರೂಪ. ಕಂಡರೂ ಅದು ‘ಬಾಯಿ ಕಟ್ಟಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂಬಲ್ಲಿಗೆ ಮುಗಿಯುತ್ತದೆ. ಹಲವು ವರ್ಷಗಳಿಂದ ಟೈಪ್ 2 ಮಧುಮೇಹವಿರುವ ನನಗೆ ಈ ಉಪದೇಶ ಅರೆಬರೆಯೆನಿಸುತ್ತದೆ. ಮಧುಮೇಹಿಯ ಚಪಲವೆಲ್ಲ ನಾಲಿಗೆಯ ದೋಷವಲ್ಲ. ರಕ್ತದ ಸಕ್ಕರೆಯ ಏರಿಳಿತ, ಸೇವಿಸುವ ಔಷಧಿ, ಊಟದ ಹೊತ್ತು ತಪ್ಪುವುದು, ನಿದ್ರೆಗೆಡುವುದು ಇವೆಲ್ಲ ಅದನ್ನು ಹುಟ್ಟಿಸಬಲ್ಲವು, ಮತ್ತು ಒಂದೊಂದಕ್ಕೂ ಪರಿಹಾರ ಬೇರೆ.

ಸಕ್ಕರೆ ಬಹಳ ಏರಿದಾಗಲೂ ಹಸಿವಾಗುತ್ತದೆ ಎಂದರೆ ಮನೆಯವರು ನಂಬುವುದಿಲ್ಲ. ಇನ್ಸುಲಿನ್ ಸಾಲದೆ ಹೋದಾಗ ಅಥವಾ ಇದ್ದೂ ಸರಿಯಾಗಿ ಕೆಲಸ ಮಾಡದಿದ್ದಾಗ ಗ್ಲುಕೋಸ್ ರಕ್ತದಲ್ಲೇ ಉಳಿದು, ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗುತ್ತದೆ; ಜೀವಕೋಶಗಳಿಗೆ ಅದು ಸಾಕಷ್ಟು ದಕ್ಕದ ಕಾರಣ ದೇಹ ಇನ್ನಷ್ಟು ಆಹಾರ ಕೇಳುತ್ತದೆ. ಇಂಥ ಹಸಿವಿಗೆ ಬೇಕಾದದ್ದು ಬೈಗುಳವಲ್ಲ, ಚಿಕಿತ್ಸೆಯ ಮರುಪರಿಶೀಲನೆ. ಇದಕ್ಕೆ ತದ್ವಿರುದ್ಧವಾದದ್ದು ಇನ್ಸುಲಿನ್ ಅಥವಾ ದೇಹದಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಅನುಭವ. ಸಕ್ಕರೆ ಪ್ರತಿ 100 ಮಿಲಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಕೈ ನಡುಗಿ, ಮೈ ಬೆವರಿ, ಎದೆ ಡವಗುಟ್ಟಿ, ಕಂಡದ್ದನ್ನೆಲ್ಲ ತಿನ್ನಬೇಕೆನ್ನುವ ಹಸಿವು ನುಗ್ಗಿ ಬರುತ್ತದೆ. ಆ ಗಳಿಗೆಯಲ್ಲಿ ಸಿಹಿಯೇ ಔಷಧಿ: 15 ಗ್ರಾಂ ಗ್ಲುಕೋಸನ್ನು, ಇಲ್ಲವೇ ಅಷ್ಟೇ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಇನ್ನೂ ಏರದಿದ್ದರೆ ಅಷ್ಟನ್ನೇ ಪುನಃ ತೆಗೆದುಕೊಳ್ಳಬೇಕು. ಚಾಕೊಲೇಟ್ ಈ ಕೆಲಸಕ್ಕೆ ಬಾರದು. ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಗಾಬರಿಯಲ್ಲಿ ಸಿಕ್ಕಿದ್ದೆಲ್ಲ ತಿಂದು ಮುಂದಿನ ಪರೀಕ್ಷೆಯಲ್ಲಿ 300 ಕಂಡು ಕುಗ್ಗುವುದೂ ಉಂಟು. ಹೀಗೆ ಪದೇ ಪದೇ ಆಗುತ್ತಿದ್ದರೆ ಔಷಧಿಯ ಪ್ರಮಾಣದ ಬಗ್ಗೆ ವೈದ್ಯರಲ್ಲಿ ಮಾತನಾಡಬೇಕೇ ಹೊರತು ಸುಮ್ಮನೆ ತಿನ್ನುತ್ತ ಹೋಗುವುದಲ್ಲ.

ಆದ್ದರಿಂದ ಗ್ಲುಕೋಮೀಟರ್ ಇರುವವರು ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾದಾಗ ಮೊದಲು ಬೆರಳು ಚುಚ್ಚಿ ನೋಡುವುದು ಒಳ್ಳೆಯದು. ಅಂಕಿ ಕಡಿಮೆಯಿದ್ದರೆ ತಿನ್ನಲೇಬೇಕು. ಬಹಳ ಹೆಚ್ಚಿದ್ದರೆ ನೀರು ಕುಡಿದು, ಆ ದಿನದ ಔಷಧಿ ತಪ್ಪಿದೆಯೇ ಎಂದು ನೋಡಬೇಕು. ಎರಡೂ ಅಲ್ಲದಿದ್ದರೆ ಮಾತ್ರ ಅದನ್ನು ಬಾಯಿಚಪಲವೆಂದು ಕರೆಯುವ ಹಕ್ಕು ನಮಗಿದೆ, ಮತ್ತು ಅಂಥ ಚಪಲ ಕೆಲವು ನಿಮಿಷ ಬೇರೆ ಕೆಲಸದಲ್ಲಿ ತೊಡಗಿದರೆ ಸಾಮಾನ್ಯವಾಗಿ ತಗ್ಗುತ್ತದೆ.

ಕಟ್ಟುನಿಟ್ಟಿನ ಪಥ್ಯಕ್ಕೆ ಒಂದು ಇತಿಹಾಸವಿದೆ. ಇನ್ಸುಲಿನ್ ಸಿಗುವ ಮೊದಲು ಅಮೆರಿಕದ ವೈದ್ಯ ಫ್ರೆಡರಿಕ್ ಆಲನ್ ಮಧುಮೇಹಿಗಳನ್ನು ಬಹುತೇಕ ಉಪವಾಸದಲ್ಲಿಟ್ಟು ಅವರ ಆಯುಷ್ಯವನ್ನು ಸ್ವಲ್ಪ ಕಾಲ ಹಿಗ್ಗಿಸುತ್ತಿದ್ದರು. ಅಂದು ಬೇರೆ ದಾರಿಯೇ ಇರಲಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಆ ಅನಿವಾರ್ಯತೆ ಹೋಯಿತು, ನಿಷೇಧದ ಧಾಟಿ ಮಾತ್ರ ನಮ್ಮ ಸಲಹೆಗಳಲ್ಲಿ ಉಳಿದುಕೊಂಡಿದೆ. ‘ಇನ್ನು ಸಿಹಿಯೇ ಇಲ್ಲ’ ಎಂದು ಹೇಳಿಸಿಕೊಂಡವರು ಕೆಲವು ವಾರ ತಡೆದು, ಒಂದು ದಿನ ಯಾರಿಗೂ ಕಾಣದಂತೆ ತಿಂದು, ಆ ಅಳುಕಿನಿಂದ ಪರೀಕ್ಷೆಗೇ ಹೋಗದಿರುವುದು ನಾನು ಕಂಡ ಸಂಗತಿ. ಇದಕ್ಕಿಂತ, ಊಟದ ಅನ್ನವನ್ನೋ ರೊಟ್ಟಿಯನ್ನೋ ಅಷ್ಟರ ಮಟ್ಟಿಗೆ ಇಳಿಸಿ, ಸಣ್ಣ ತುಂಡು ಸಿಹಿಯನ್ನು ಊಟದ ಕೊನೆಯಲ್ಲಿ ಎಲ್ಲರೊಡನೆ ಕೂತು ತಿನ್ನುವುದು ಎಷ್ಟೋ ಮೇಲು. ಮೊದಲು ತರಕಾರಿ, ಬೇಳೆ, ಮೊಟ್ಟೆಯಂಥವುಗಳನ್ನು ತಿಂದು ಪಿಷ್ಟದ ಪದಾರ್ಥವನ್ನು ಕೊನೆಗಿಟ್ಟುಕೊಂಡರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ; ಆಮೇಲೆ ಹತ್ತು ಹದಿನೈದು ನಿಮಿಷ ನಡೆದಾಡಿದರೆ ಇನ್ನೂ ತಗ್ಗುತ್ತದೆ. ಹಣ್ಣನ್ನು ರಸ ಮಾಡದೆ ಕಚ್ಚಿ ತಿನ್ನಬೇಕು, ಏಕೆಂದರೆ ನಾರಿನಂಶ ಹೊಟ್ಟೆ ತುಂಬಿಸುತ್ತದೆ. ನಿದ್ರೆ ಸಾಲದಿದ್ದರೆ ಹಸಿವು ಕೆರಳುತ್ತದೆ ಎಂಬುದನ್ನು ರಾತ್ರಿ ಪಾಳಿಯವರು ಬಲ್ಲರು.

‘ಶುಗರ್ ಫ್ರೀ’ ಎಂಬ ಮುದ್ರೆಯ ಬಗ್ಗೆಯೂ ಒಂದು ಮಾತು. ಸಕ್ಕರೆ ಇಲ್ಲದ ಬಿಸ್ಕತ್ತಿನಲ್ಲಿ ಸಾಮಾನ್ಯವಾಗಿ ಮೈದಾ ಇರುತ್ತದೆ, ಮೈದಾ ಹೊಟ್ಟೆಯಲ್ಲಿ ಗ್ಲುಕೋಸೇ ಆಗುತ್ತದೆ. ಮಾಲ್ಟಿಟಾಲ್‌ನಂಥ ಸಿಹಿಕಾರಕವೂ ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹೆಚ್ಚು ತಿಂದರೆ ಭೇದಿಯೂ ಆಗುತ್ತದೆ. ನೋಡಬೇಕಾದದ್ದು ಪೊಟ್ಟಣದ ಹಿಂಬದಿಯಲ್ಲಿ ಬರೆದಿರುವ ಒಟ್ಟು ಕಾರ್ಬೋಹೈಡ್ರೇಟ್. ಅತ್ತ, ತೂಕ ನಿಯಂತ್ರಣಕ್ಕೆ ಕೃತಕ ಸಿಹಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ಮಧುಮೇಹಿಗಳ ಮುಂದೆ ಹಿಡಿದು ಹೆದರಿಸುವವರೂ ಇದ್ದಾರೆ. ಈಗಾಗಲೇ ಮಧುಮೇಹವಿರುವವರನ್ನು ಆ ಸಲಹೆ ಹೊರಗಿಟ್ಟಿದೆ.

ಪತ್ರಿಕೆಗಳಲ್ಲಿ ನನ್ನ ವಿನಂತಿ ಇಷ್ಟೇ. ಓದುಗರ ಪ್ರಶ್ನೆಗೆ ತಜ್ಞರು ಉತ್ತರಿಸುವಾಗ ಪ್ರಶ್ನೆ ಕೇಳಿದವರು ಯಾವ ಔಷಧಿಯಲ್ಲಿದ್ದಾರೆ ಎಂಬುದನ್ನು ತಿಳಿಯದೆ ‘ರಾತ್ರಿಯೂಟ ಬಿಡಿ’ ಎಂಬಂಥ ಸಲಹೆಯನ್ನು ದಯವಿಟ್ಟು ಪ್ರಕಟಿಸಬೇಡಿ. ಮೆಟ್‌ಫಾರ್ಮಿನ್ ಮಾತ್ರೆ ಒಂದನ್ನೇ ಸೇವಿಸುವವರು ಅದನ್ನು ಪಾಲಿಸಿದರೆ ಬಹುಶಃ ಹಸಿವಷ್ಟೇ ಆದೀತು. ಇನ್ಸುಲಿನ್ ಹಾಕಿಕೊಂಡು ಅಥವಾ ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟು ಮಲಗಿದವರ ಸಕ್ಕರೆ ನಿದ್ರೆಯಲ್ಲೇ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಇತಿ,
ನಿಮ್ಮ ಓದುಗ