ಲ್ಯಾಬಿನ ಆ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲಿಲ್ಲ. ಬಾಗಲಕೋಟೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತಿದ್ದಿರಿ, ಅಷ್ಟೇ ಗೊತ್ತು.

ಕಬ್ಬಿಗೆ ನೀರು ಹಾಯಿಸುವಾಗ ಅವ್ವನ ಕಣ್ಣಿಗೆ ರಾಡಿ ಸಿಡಿದಿತ್ತು. ಮೊದಲು ತೋರಿಸಿದ ಕಡೆ ಹರ್ಪಿಸ್ ವೈರಸ್ ಅಂದರು. ಮೂರು ವಾರ ಡ್ರಾಪ್ಸ್ ಹಾಕಿದರೂ ನೋವು ಜಾಸ್ತಿಯೇ ಆಯ್ತು. ಕರಿಗುಡ್ಡೆಯ ಮೇಲೆ ಬಳೆಯಂಥ ಬಿಳಿ ಸುತ್ತು ಬಂತು. ಅವ್ವ ರಾತ್ರಿಯಿಡೀ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಕೂರುತ್ತಿದ್ದಳು.

ಕಣ್ಣಿನಿಂದ ಕೆರೆದು ತೆಗೆದದ್ದನ್ನು ನೀವು ಸುಮ್ನೆ ನೋಡಿ ಬಿಡಲಿಲ್ಲ. ಊಟದ ಹೊತ್ತು ಮೀರಿದರೂ ಸ್ಲೈಡ್ ಸರಿಸುತ್ತಲೇ ಇದ್ದಿರಿ. ಆಮೇಲೆ ನನ್ನನ್ನೂ ಕರೆದು ತೋರಿಸಿದಿರಿ: ಎರಡು ಗೋಡೆಯ ಪುಟ್ಟ ಚೀಲಗಳು. ಅಕಾಂತಮೀಬಾ! ಮಣ್ಣಲ್ಲೂ ನೀರಲ್ಲೂ ಇರುವ ಜೀವಿ. ಇದರ ಸೋಂಕು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗಷ್ಟೇ ಅಲ್ಲ, ಹಾಕದವರಿಗೂ ಬರುತ್ತದೆ. ಚೀಲದೊಳಗೆ ಅಡಗಿದರೆ ಔಷಧಿ ಬೇಗ ತಾಗುವುದಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಹಾಕಬೇಕು ಅಂತ ಬಿಡಿಸಿ ಹೇಳಿದಿರಿ.

ಡಾಕ್ಟರು ಶೇ 0.02ರ ಪಿಎಚ್‌ಎಂಬಿ, ಕ್ಲೋರ್‌ಹೆಕ್ಸಿಡಿನ್ ಅನ್ನೋ ಡ್ರಾಪ್ಸ್ ಬರೆದುಕೊಟ್ಟರು. ಮೊದಮೊದಲು ಗಂಟೆಗೊಮ್ಮೆ, ರಾತ್ರಿಯೂ. ಈಗ ಐದು ತಿಂಗಳಾಯ್ತು. ಸ್ವಲ್ಪ ಮಬ್ಬು ಉಳಿದಿದೆ. ಆದರೂ ಮೊನ್ನೆ ಅವ್ವ ಇನ್ನೊಂದು ಕಣ್ಣು ಮುಚ್ಚಿಕೊಂಡು ಜೋಳದ ಹರಳು ಆರಿಸಿ ತೋರಿಸಿದಳು.

ನಿಮಗಂತಲೇ ಖಡಕ್ ರೊಟ್ಟಿ ಬಡಿದಿಟ್ಟಿದ್ದಾಳೆ. ಸೋಮವಾರ ತರುತ್ತೇನೆ ಅಕ್ಕಾ, ಇರ್ತೀರಿ ಅಲ್ವಾ?