ಸ್ಕೀ ಬೂಟು ಹಾಕಿ ನೋಡಲು ಇನ್ನು ಮುಂದೆ 600 ರೂಪಾಯಿ

ನಮ್ಮ ಅಂಗಡಿಗೆ ಬರುವ ಎಲ್ಲರಿಗೂ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಡಿಸೆಂಬರ್ 1ರಿಂದ ಸ್ಕೀ ಬೂಟು, ಅಂದರೆ ಹಿಮದ ಮೇಲೆ ಜಾರುವವರ ಬೂಟು, ಹಾಕಿ ನೋಡಬೇಕಾದರೆ ಮುಂಚೆಯೇ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಒಬ್ಬರಿಗೆ ಒಂದೂವರೆ ಗಂಟೆ. ಅದಕ್ಕೆ 600 ರೂಪಾಯಿ. ಬೂಟು ನಮ್ಮಲ್ಲೇ ತೆಗೆದುಕೊಂಡರೆ ಆ ದುಡ್ಡನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ತೆಗೆದುಕೊಳ್ಳದಿದ್ದರೆ ವಾಪಸ್ ಇಲ್ಲ. ಜಾಕೆಟ್, ಗ್ಲೌಸ್, ಟ್ರೆಕಿಂಗ್ ಶೂಗಳಿಗೆ ಇದ್ಯಾವುದೂ ಇಲ್ಲ. ಅವಕ್ಕೆ ಎಂದಿನಂತೆ ಯಾವಾಗ ಬೇಕಾದರೂ ಬನ್ನಿ.

ಈ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಹಾಕಿದ ಅರ್ಧ ಗಂಟೆಗೆ ಹಳೇ ಗ್ರಾಹಕರೊಬ್ಬರು "ಇನ್ನು ಮೆಟ್ಟಿಲು ಹತ್ತೋಕೂ ಟಿಕೆಟ್ ಇಡ್ತೀರಾ?" ಅಂತ ಕೇಳಿದರು. ನಗುವಿನ ಚಿತ್ರ ಕಳಿಸಿ ಸುಮ್ಮನಾದೆವು. ಆದರೆ ಮಾತು ಚುಚ್ಚಿತು. ಅದಕ್ಕೇ ಈ ಪತ್ರ.

ಬೆಂಗಳೂರಿನಲ್ಲಿ ಸ್ಕೀ ಬೂಟಾ ಎಂದು ನಗುವವರಿಗೆ ಉತ್ತರ ಕೊಡುವುದನ್ನು ನಾವು ಬಿಟ್ಟು ಬಹಳ ದಿನವಾಯಿತು. ಪ್ರತಿ ಚಳಿಗಾಲ ಇಲ್ಲಿಂದ ಗುಲ್ಮಾರ್ಗ್, ಔಲಿ, ಮನಾಲಿಯ ಸ್ಕೀ ಕೋರ್ಸ್‌ಗಳಿಗೆ ಹೋಗುವವರು ನೀವೇ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕರ್ನಾಟಕಕ್ಕೆ ಪದಕ ತಂದ ಮೇಲೆ "ಅವರು ಹಾಕೋ ಥರದ ಬೂಟು ಕೊಡಿ" ಎಂದು ಕೇಳುವವರೂ ಬರುತ್ತಾರೆ. ಖುಷಿಯೇ. ಆದರೆ ಅವರದು ಕ್ರಾಸ್ ಕಂಟ್ರಿ, ಅಂದರೆ ಹಿಮದ ಮೇಲೆ ದೂರ ದೂರ ಸಾಗುವ ಸ್ಕೀಯಿಂಗ್. ಆ ಬೂಟು ಹಗುರ, ಹಿಮ್ಮಡಿ ಮೇಲೆದ್ದು ಬರುತ್ತದೆ. ನಾವು ಇಡುವುದು ಇಳಿಜಾರಿನಲ್ಲಿ ಜಾರುವವರ ಗಟ್ಟಿ ಪ್ಲಾಸ್ಟಿಕ್ ಬೂಟು. ರಗಳೆಯೆಲ್ಲ ಇದರದ್ದೇ.

ಬೆಲೆಯ ಮಾತು. ಯುರೋಪಿನ ಯಾವುದೋ ಅಂಗಡಿಯ ಬೆಲೆಯನ್ನು ಫೋನಿನಲ್ಲಿ ತೋರಿಸಿ, "ಇಷ್ಟೊಂದು ಲಾಭನಾ?" ಅಂತ ಕೇಳುತ್ತೀರಿ. ದಯವಿಟ್ಟು ಈ ಲೆಕ್ಕ ನೋಡಿ. ಸಾಗಣೆ ಸೇರಿ 20,000 ರೂಪಾಯಿಗೆ ಒಂದು ಜೊತೆ ಬೂಟು ನಮ್ಮ ದೇಶಕ್ಕೆ ಬಂತು ಅಂದುಕೊಳ್ಳಿ. 2020ರ ಬಜೆಟ್‌ನಲ್ಲಿ ಪಾದರಕ್ಷೆಗಳ ಆಮದು ಸುಂಕ ಶೇ 25ರಿಂದ 35ಕ್ಕೆ ಏರಿತು. 2025ರಲ್ಲಿ ಅದು ಶೇ 20ಕ್ಕೆ ಇಳಿಯಿತು ಎಂದು ಪೇಪರ್ ಓದಿ ನಮಗೆ ಫೋನ್ ಮಾಡಿದವರಿದ್ದಾರೆ. ಇಳಿದದ್ದು ನಿಜ. ಅದೇ ದಿನ ಶೇ 18.5ರ ಕೃಷಿ ಸೆಸ್ ಬಂದು ಕೂತದ್ದೂ ನಿಜ. ಎರಡೂ ಸೇರಿ 38.5. ಹಿಮದ ಬೂಟಿಗೂ ಕೃಷಿಗೂ ಏನು ಸಂಬಂಧ ಅಂತ ನಮ್ಮನ್ನು ಕೇಳಬೇಡಿ. ಅಲ್ಲಿಗೆ 27,700 ಆಯಿತು. ಅದರ ಮೇಲೆ ಶೇ 18 ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದಾಗ 2,500 ರೂಪಾಯಿವರೆಗಿನ ಚಪ್ಪಲಿ, ಶೂಗಳಿಗೆ ಶೇ 5 ಮಾಡಿದರು. ಅದಕ್ಕಿಂತ ಮೇಲಿನದು 18ರಲ್ಲೇ ಉಳಿಯಿತು. ಒಟ್ಟು 32,686. ಇದರಲ್ಲಿ ಅಂಗಡಿ ಬಾಡಿಗೆ ಇಲ್ಲ, ಸಂಬಳ ಇಲ್ಲ, ನಮ್ಮ ಕಾಫಿಯೂ ಇಲ್ಲ. ಸಾಲದ್ದಕ್ಕೆ ಅದೇ ವರ್ಷ ಯೂರೋ ನೂರು ರೂಪಾಯಿ ದಾಟಿತು.

ಹಿಮವೂ ನಮ್ಮ ಕೈಯಲ್ಲಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿ ನಿಂತಿತ್ತು, ನೆನಪಿದೆ ಅಲ್ವಾ? ಮರುವರ್ಷ ಹಿಮ ಸಾಲದೆ ಖೇಲೋ ಇಂಡಿಯಾ ಕೂಟವೇ ಫೆಬ್ರವರಿಯಿಂದ ಮಾರ್ಚ್‌ಗೆ ಹೋಯಿತು. ಅಲ್ಲಿ ಹಿಮ ಬೀಳದಿದ್ದರೆ ಇಲ್ಲಿ ಡಬ್ಬಗಳು ಕಪಾಟಿನಿಂದ ಇಳಿಯುವುದಿಲ್ಲ. ಅವುಗಳ ಮೇಲಿನ ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ.

ಈಗ ನಾವು ಅತಿ ಹೆಚ್ಚು ಕೇಳಿಸಿಕೊಂಡ ದೂರು. "ನೀವು ಬಿಗಿ ಬೂಟು ಕೊಡ್ತೀರಿ. ನನ್ನ ಸೈಜ್ ಒಂಬತ್ತು, ನೀವು ಎಂಟರದ್ದು ಹಾಕಿಸಿದಿರಿ."

ಮೊದಲನೆಯದಾಗಿ, ಸ್ಕೀ ಬೂಟಿಗೆ ಎಂಟು, ಒಂಬತ್ತು ಅನ್ನುವುದೇ ಇಲ್ಲ. ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಸೈಜ್. ಅದಕ್ಕೆ ಮೊಂಡೋಪಾಯಿಂಟ್ ಎನ್ನುತ್ತಾರೆ. ಪಾದ 26.5 ಸೆಂ.ಮೀ. ಇದ್ದರೆ ಬೂಟು 26.5. ನಮ್ಮಲ್ಲಿ ತುಂಬಾ ಜನ ಬಾಟಾ ಲೆಕ್ಕದಲ್ಲಿ ಒಂದು ಸೈಜ್ ದೊಡ್ಡ ಶೂ ಹಾಕಿಯೇ ಬೆಳೆದವರು. ಮುಂದಿನ ವರ್ಷಕ್ಕೂ ಆಗಲಿ ಅಂತ ಅಮ್ಮ ಕೊಡಿಸಿದ ಸ್ಕೂಲ್ ಶೂ ಅಭ್ಯಾಸ ಅದು. ಹಾಗಾಗಿ ಸರಿಯಾದ ಅಳತೆಯೇ ಬಿಗಿ ಅನಿಸುತ್ತದೆ.

ಹೊಸ ಬೂಟಿನಲ್ಲಿ ನೆಟ್ಟಗೆ ನಿಂತಾಗ ಬೆರಳಿನ ತುದಿ ಮುಂದೆ ತಾಗಬೇಕು. ಮೊಣಕಾಲು ಬಗ್ಗಿಸಿ ಮುಂದೆ ವಾಲಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸಿಕೊಳ್ಳಬೇಕು. ನೀವು ಕನ್ನಡಿ ಮುಂದೆ ನೆಟ್ಟಗೆ ನಿಂತು "ತಾಗ್ತಿದೆ" ಎನ್ನುತ್ತೀರಿ. ನಾವು "ಬಗ್ಗಿ" ಎನ್ನುತ್ತೇವೆ. ನಮ್ಮ ಅಂಗಡಿಯ ಅರ್ಧ ಜಗಳ ಇಷ್ಟೇ. ಒಳಗಿನ ಮೆತ್ತನೆ ಲೈನರ್ ಕೆಲವು ದಿನ ಜಾರಿದ ಮೇಲೆ ಅಮುಕಿಕೊಂಡು ಜಾಗ ಬಿಡುತ್ತದೆ. ಅಂಗಡಿಯಲ್ಲಿ ಚಪ್ಪಲಿ ಹಾಗೆ ಹಾಯಾಗಿದ್ದ ಬೂಟು ಐದನೇ ದಿನಕ್ಕೆ ಸಡಿಲ. ಆಗ ಹಿಮ್ಮಡಿ ಏಳುತ್ತದೆ, ನೀವು ಬಕಲ್ ಎಳೆದು ಬಿಗಿ ಮಾಡುತ್ತೀರಿ, ಪಾದದ ಮೇಲ್ಭಾಗ ಒತ್ತಿ ಜೋಮು ಹಿಡಿಯುತ್ತದೆ. ಆಮೇಲೆ ಬೂಟು ಬಿಗಿ ಅಂತ ನಮಗೆ ಬೈಗುಳ! ಅಸಲಿಗೆ ಅದು ದೊಡ್ಡದಾಗಿರುತ್ತದೆ.

ಅದಕ್ಕೇ ನಾವು ಲೈನರ್ ಹೊರಗೆ ತೆಗೆದು, ಬರೀ ಪ್ಲಾಸ್ಟಿಕ್ ಶೆಲ್‌ನಲ್ಲಿ ಕಾಲಿಡಿಸುವುದು. ಕಾಲ್ಬೆರಳು ಮುಂದೆ ತಾಗಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ಎಂದು ನಮ್ಮ ಕೈಬೆರಳು ತೂರಿಸಿ ನೋಡುತ್ತೇವೆ. ಒಂದೂವರೆ, ಎರಡು ಸೆಂ.ಮೀ. ಇದ್ದರೆ ಸರಿ. ಮೂರು ಇದ್ದರೆ ಅದು ನಿಮ್ಮ ಬೂಟಲ್ಲ, ನೀವು ಎಷ್ಟೇ ಇಷ್ಟಪಟ್ಟರೂ. ಇನ್ನು 26 ಮತ್ತು 26.5ಕ್ಕೆ ಸಾಮಾನ್ಯವಾಗಿ ಶೆಲ್ ಒಂದೇ. "ಅರ್ಧ ಸೈಜ್ ದೊಡ್ಡದು ಕೊಡಿ" ಎಂದು ಹಟ ಮಾಡಿ ಪಡೆದು ಸಮಾಧಾನ ಪಟ್ಟವರು ಇದನ್ನು ಓದದಿದ್ದರೇ ಒಳ್ಳೆಯದು.

ಅಗಲದ ವಿಷಯದಲ್ಲಿ ಮಾತ್ರ ನಿಮ್ಮ ದೂರು ಒಪ್ಪುತ್ತೇವೆ. ಚಪ್ಪಲಿಯಲ್ಲಿ, ಬರಿಗಾಲಿನಲ್ಲಿ ಓಡಾಡಿ ಬೆಳೆದ ನಮ್ಮ ಪಾದ ಮುಂದೆ ಅಗಲ. ಒಳಗೆ 98 ಮಿ.ಮೀ. ಅಗಲದ ಬೂಟು ನಮ್ಮಲ್ಲಿ ಹೆಚ್ಚಿನವರ ಕಿರುಬೆರಳಿಗೆ ಶಿಕ್ಷೆ. ಈ ಸಲ 102 ಮಿ.ಮೀ.ಯವನ್ನೇ ಜಾಸ್ತಿ ತರಿಸಿದ್ದೇವೆ. ಆಮೇಲೂ ಒತ್ತಿದರೆ ಆ ಜಾಗದಲ್ಲಿ ಶೆಲ್ ಬಿಸಿ ಮಾಡಿ ಹಿಗ್ಗಿಸುತ್ತೇವೆ. ಚಿಕ್ಕ ಬೂಟನ್ನು ಅಲ್ಲಲ್ಲಿ ದೊಡ್ಡದು ಮಾಡಬಹುದು. ದೊಡ್ಡದನ್ನು ಚಿಕ್ಕದು ಮಾಡುವ ಯಂತ್ರ ಇನ್ನೂ ಬಂದಿಲ್ಲ.

ಹಾಂ, ಎರಡು ಜೊತೆ ಸಾಕ್ಸ್ ಬೇಡ. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ, ಗುಳ್ಳೆಯೂ ಏಳುತ್ತದೆ. ತೆಳ್ಳನೆಯದು ಒಂದು ಸಾಕು. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಹೋದ ಡಿಸೆಂಬರಿನ ಒಂದು ಶನಿವಾರ, ಅಂಗಡಿ ತುಂಬ ಜನ. ಅವತ್ತು ಒಬ್ಬರಿಗೆ ಶೆಲ್ ನೋಡದೆ, ಅಳತೆ ಪಟ್ಟಿಯ ಸಂಖ್ಯೆ ನಂಬಿ ಬೂಟು ಕೊಟ್ಟೆವು. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿತ್ತು, ಗಮನಿಸಲಿಲ್ಲ. ಗುಲ್ಮಾರ್ಗ್‌ನಲ್ಲಿ ಮೂರನೇ ದಿನಕ್ಕೆ ಅವರ ಹೆಬ್ಬೆರಳಿನ ಉಗುರು ಕಪ್ಪಾಯಿತು. ಉಳಿದ ಕೋರ್ಸ್ ಅವರು ಬಾಡಿಗೆ ಬೂಟಿನಲ್ಲಿ ಮುಗಿಸಿದರು. ದುಡ್ಡು ವಾಪಸ್ ಕೊಟ್ಟೆವು. ಹಾಳಾದ ರಜೆಯನ್ನು ವಾಪಸ್ ಕೊಡಲಾಗಲಿಲ್ಲ. ಅವರಲ್ಲಿ ಇನ್ನೊಮ್ಮೆ ಕ್ಷಮೆ ಕೇಳುತ್ತೇವೆ.

ಸಮಯ ಗೊತ್ತು ಮಾಡುವ ಪದ್ಧತಿ ಹುಟ್ಟಿದ್ದೇ ಆ ಶನಿವಾರದಿಂದ. ಅವತ್ತು ನಮ್ಮ ಎರಡೂ ಕುರ್ಚಿಗಳಲ್ಲಿ ಕೂತಿದ್ದವರು ಯಾರು ಗೊತ್ತಾ? ಎರಡು ಗಂಟೆ ಕಾಲ ಆರು ಜೊತೆ ಹಾಕಿ ನೋಡಿ, ಶೆಲ್ಲಿನ ಫೋಟೋ ತೆಗೆದು, "ಯೋಚನೆ ಮಾಡಿ ಬರ್ತೀವಿ" ಎಂದು ಹೋದವರು. ಅದರಲ್ಲೊಬ್ಬರು ಜನವರಿಯಲ್ಲಿ ಬಂದರು. ಆನ್‌ಲೈನ್‌ನಲ್ಲಿ ತರಿಸಿದ ಬೂಟನ್ನು ಚೂರು ಹಿಗ್ಗಿಸಿ ಕೊಡಿ ಅಂತ. ಕೊಟ್ಟೆವು. ಮುಂದೆಯೂ ಕೊಡುತ್ತೇವೆ, ಎಲ್ಲಿ ಕೊಂಡಿರಿ ಅಂತ ಕೇಳುವುದಿಲ್ಲ. ಆದರೆ ಸುಮ್ನೆ ಅಲ್ಲ. ಬೇರೆ ಕಡೆ ಕೊಂಡ ಬೂಟಿನ ಕೆಲಸಕ್ಕೆ ಇನ್ನು ಮುಂದೆ 1,500 ರೂಪಾಯಿ.

ನಮ್ಮಲ್ಲಿ ಕೊಂಡವರಿಗೆ ಮೊದಲ ಚಳಿಗಾಲ ಪೂರ್ತಿ, ಎಷ್ಟು ಸಲ ಬಂದರೂ ಸರಿಮಾಡುವ ಕೆಲಸ ಪುಕ್ಕಟೆ. ಹಿಮದ ಮೇಲೆ ಬಳಸಿದ ಬೂಟನ್ನು ಇಷ್ಟವಾಗಲಿಲ್ಲ ಅಂತ ವಾಪಸ್ ತೆಗೆದುಕೊಳ್ಳುವುದಿಲ್ಲ. ಸೈಜ್ ನಾವೇ ತಪ್ಪು ಕೊಟ್ಟಿದ್ದರೆ ಮಾತ್ರ ಬದಲಿಸಿ ಕೊಡುತ್ತೇವೆ, ವಾದ ಇಲ್ಲ. ಮಕ್ಕಳಿಗೆ 600 ಇಲ್ಲ. ವಿದ್ಯಾರ್ಥಿಗಳು ಕೈ ಬಿಗಿ ಇದ್ದರೆ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ಸ್ವಂತ ಬೂಟು ಒಯ್ದು ಅಲ್ಲಿ ಸ್ಕೀ ಬಾಡಿಗೆಗೆ ಪಡೆಯುವವರು ಬೈಂಡಿಂಗನ್ನು, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯನ್ನು, ನಿಮ್ಮ ಬೂಟಿಗೇ ಹೊಂದಿಸಿಕೊಳ್ಳಿ. ಬೂಟಿನ ಪಕ್ಕದಲ್ಲಿ 305, 315 ಥರದ ಸಂಖ್ಯೆ ಇರುತ್ತದೆ. ಅದು ಅಟ್ಟೆಯ ಉದ್ದ, ಮಿಲಿಮೀಟರ್‌ನಲ್ಲಿ. ಅದರ ಜೊತೆ ನಿಮ್ಮ ತೂಕ, ಎತ್ತರ, ವಯಸ್ಸು, ಎಷ್ಟು ಕಲಿತಿದ್ದೀರಿ ಅನ್ನುವುದನ್ನೂ ಹೇಳಿ. ತೂಕ ಕಡಿಮೆ ಹೇಳಬೇಡಿ, ಅಲ್ಲಿ ಯಾರೂ ನಗುವುದಿಲ್ಲ. ಬಿದ್ದಾಗ ಸ್ಕೀ ಕಳಚಿಕೊಳ್ಳುವುದು ಆ ಲೆಕ್ಕದ ಮೇಲೆಯೇ.

ಕುರ್ಚಿಗಳು ಈಗಲೂ ಎರಡೇ. ಸಾಧ್ಯವಾದರೆ ಸಂಜೆ ಹೊತ್ತು ಬನ್ನಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಕಾಲಿನ ಉಗುರು ಕತ್ತರಿಸಿಕೊಂಡು ಬನ್ನಿ. ಸಾಕ್ಸ್ ನಾವು ಕೊಡುತ್ತೇವೆ, ಒಗೆದದ್ದೇ.

ಇಂತಿ,
ನಿಮ್ಮ ಅಂಗಡಿಯ ಅಣ್ಣ, ತಮ್ಮ