ಷೇರು ಬಿದ್ದ ದಿನ ಬಡ್ಡಿ ದರದ ಸುದ್ದಿಯನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ಮಾರುಕಟ್ಟೆ ಬಿದ್ದಾಗಲೆಲ್ಲ ಗುಂಪಿನಲ್ಲಿ 'ಯಾವ ಕಂಪನಿಗೆ ಏನಾಯ್ತು?' ಎಂದು ಕೇಳುತ್ತೀರಿ. ಎಷ್ಟೋ ಸಲ ಕಂಪನಿಗೆ ಏನೂ ಆಗಿರುವುದಿಲ್ಲ. ದುಡ್ಡಿನ ಹರಿವು ಬದಲಾಗಿರುತ್ತದೆ.

2024ರ ಆಗಸ್ಟ್ 5 ನೆನಪಿದೆ ಅಲ್ವಾ? ಜಪಾನಿನಲ್ಲಿ ವರ್ಷಗಟ್ಟಲೆ ಬಡ್ಡಿ ಸೊನ್ನೆಯ ಆಸುಪಾಸಿನಲ್ಲಿತ್ತು. ಅಲ್ಲಿ ಯೆನ್ (ಜಪಾನಿನ ಹಣ) ಸಾಲ ತೆಗೆದು ಬೇರೆ ದೇಶಗಳಲ್ಲಿ ಹೂಡುವವರು ಜಾಸ್ತಿ ಇದ್ದರು. ಜುಲೈ 31ರಂದು ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಜಪಾನ್ ಬಡ್ಡಿ ದರವನ್ನು 0.25%ಕ್ಕೆ ಏರಿಸಿತು. ಯೆನ್ ಬಲವಾಯಿತು, ಯೆನ್ ಸಾಲ ತೀರಿಸುವುದು ದುಬಾರಿಯಾಯಿತು. ಅಮೆರಿಕದ ಉದ್ಯೋಗದ ಅಂಕಿಗಳೂ ಕಳಪೆಯಾಗಿ ಬಂದವು. ಸಾಲ ತೀರಿಸಲು ತುಂಬಾ ಜನ ಒಟ್ಟಿಗೆ ಮಾರಲು ನಿಂತರು. ಆ ಸೋಮವಾರ ಜಪಾನಿನ ಷೇರು ಸೂಚ್ಯಂಕ ನಿಕ್ಕೈ 12% ಕುಸಿಯಿತು, ನಮ್ಮ ಸೆನ್ಸೆಕ್ಸ್ 2,200ಕ್ಕೂ ಹೆಚ್ಚು ಅಂಶ ಕಳೆದುಕೊಂಡಿತು. ಮರುದಿನವೇ ನಿಕ್ಕೈ 10% ಏರಿತು! ಗಾಬರಿಯಲ್ಲಿ ಮಾರಿದವರ ಪಾಡು ನೆನೆದರೆ ಈಗಲೂ ಬೇಸರವಾಗುತ್ತದೆ.

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ 2022ರ ಮಾರ್ಚ್‌ನಿಂದ ದರ ಏರಿಸುತ್ತಾ ಹೋಗಿ 2023ರ ಜುಲೈಗೆ 5.25–5.5%ಕ್ಕೆ ತಂದಿತು. ಅಲ್ಲೇ ಅಷ್ಟು ಬಡ್ಡಿ ಸಿಕ್ಕರೆ ವಿದೇಶಿ ಹೂಡಿಕೆದಾರರು ಇಲ್ಲಿ ಯಾಕೆ ಉಳಿಯುತ್ತಾರೆ? ನಮ್ಮ ರಿಸರ್ವ್ ಬ್ಯಾಂಕ್ ಕೂಡ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 4%ರಿಂದ 6.5%ಕ್ಕೆ ಒಯ್ದಿತು. ಮನೆ ಸಾಲದ ಕಂತು ಏರಿದ್ದು ಹಾಗೆ.

ಭಾನುವಾರ ಬೆಳಿಗ್ಗೆ 8ಕ್ಕೆ ಲಾಲ್‌ಬಾಗ್ ಪಶ್ಚಿಮ ಗೇಟ್ ಹತ್ತಿರ ಸೇರೋಣ, ಪ್ರಶ್ನೆಗಳಿದ್ದರೆ ತನ್ನಿ. ಅಲ್ಲಿವರೆಗೆ 'ಇವತ್ತೇ ಮಾರಿಬಿಡಿ' ಅನ್ನುವ ಫಾರ್ವರ್ಡ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.